ಟಂಟಂ, ಸೀಟು, ಸ್ಪೆಷಲ್: ಬರಹದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಬಾಗಲಕೋಟೆಯ ಊರೊಳಗಿನ ಓಡಾಟದ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ಹಲವರು ಸೇರಿ ಹೋಗುವ ‘ಶೇರ್ ಆಟೊ’ಗೆ ‘ಹಂಚಿಕೆಯ ಆಟೊ’ ಎಂದು ಬರೆದಿದ್ದೆ. ಓದಿಸಿಕೊಂಡ ನಮ್ಮವ್ವ, “ಆಟೊ ಯಾರಿಗಿ ಹಂಚ್ತಾರೋ?” ಅಂದಳು. ಅಲ್ಲಿಗೇ ಆ ಪದ ಹೊಡೆದುಹಾಕಿದೆ.

ನಮ್ಮಲ್ಲಿ ಅದು ಟಂಟಂ. ಆಟೊಕ್ಕಿಂತ ದೊಡ್ಡ, ಮೂರು ಗಾಲಿಯ ಗಾಡಿ. ತಮ್ಮ ತಮ್ಮ ಪಾಲಿನ ರೊಕ್ಕ ಕೊಟ್ಟು ಇಕ್ಕಟ್ಟಿನಲ್ಲಿ ಕೂತರೆ ‘ಸೀಟಿನ ಮ್ಯಾಲೆ’ ಹೋದಂತೆ, ಇಡೀ ಗಾಡಿ ಹಿಡಿದರೆ ‘ಸ್ಪೆಷಲ್’. “ಸೀಟೋ, ಸ್ಪೆಷಲ್ಲೋ?” ಎಂದು ಚಾಲಕ ಕೇಳುವ ಮಾತಿಗೆ ಉತ್ತರ ಕೊಡುವಾಗಲೇ ನಮ್ಮ ಕಿಸೆ ಎಷ್ಟೆಂಬುದು ಪಕ್ಕದಲ್ಲಿ ನಿಂತವರಿಗೂ ಗೊತ್ತಾಗುತ್ತದೆ. ‘ಹಂಚಿಕೆ’ಯಲ್ಲಿ ಇದು ಬರುವುದಿಲ್ಲ.

ಇನ್ನೊಂದು ಜೋಡಿ ಓಣಿ ಮತ್ತು ಸೆಕ್ಟರ್. ಹಳೇ ಊರಿನ ಕಿಲ್ಲಾ, ಹೊಸಪೇಟೆ, ಜೈನಪೇಟೆ, ವೆಂಕಟಪೇಟೆ ಓಣಿಗಳೆಲ್ಲ ಒಂದಕ್ಕೊಂದು ಅಂಟಿಕೊಂಡಿದ್ದವು. ಬಜಾರಕ್ಕೆ ನಡೆದೇ ಹೋಗುತ್ತಿದ್ದರು. ಆಲಮಟ್ಟಿ ಹಿನ್ನೀರಿಗೆ ಮನೆ ಕಳೆದುಕೊಂಡವರಿಗೆಂದು ಕಟ್ಟಿದ ನವನಗರದಲ್ಲಿ ವಿಳಾಸ ಎಂದರೆ ಸೆಕ್ಟರ್ ನಂಬರು. ರಸ್ತೆ ಅಗಲ, ದೂರವೂ ಹೆಚ್ಚು. ಫಟಫಟಿ (ಮೋಟರ್ ಬೈಕು) ಇದ್ದವರಿಗೆ ಅದು ದೂರವೇ ಅಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಉಚಿತವಾಗಿದೆ, ಅದು ದೊಡ್ಡ ಆಸರೆ. ಆದರೆ ಬೆಳಗಿನ ಆರಕ್ಕೆ ಬಸ್ಸು ಸಿಗದ ಕಡೆ ಭಾಂಡೆ ತಿಕ್ಕಲು ಹೋಗುವವಳು ಸೀಟಿನ ರೊಕ್ಕ ಎಣಿಸಲೇಬೇಕು. ಅವಳ ಬಾಯಲ್ಲಿರುವ ಪದವೇ ಲೇಖನದಲ್ಲಿ ಬರಬೇಕೆಂಬುದು ನನ್ನ ಹಟ.

ಈಗ ಕೇಳಬೇಕಾದದ್ದು. ಟಂಟಂ ಎಂಜಿನ್ನಿನ ಸದ್ದಿನಿಂದ ಬಂದ ಅನುಕರಣ ಶಬ್ದವೇ? ಫಟಫಟಿ ಹಾಗೇ ಹುಟ್ಟಿದ್ದು. ಆದರೆ ಡಂಗುರಕ್ಕೂ ‘ಟಾಂಟಾಂ’ ಅನ್ನುತ್ತೇವಲ್ಲ, ಅದರ ನೆರಳು ಇದರ ಮೇಲೆ ಬಿದ್ದಿದೆಯೇ? ಪತ್ರಿಕೆಯಲ್ಲಿ ನಾನು ಈ ಪದ ಕಂಡಿದ್ದು ಹೆಚ್ಚಾಗಿ ‘ಟಂಟಂ ಪಲ್ಟಿ’ ಎಂಬ ಸುದ್ದಿಯಲ್ಲಿ. ದಿನವೂ ಸುಖವಾಗಿ ಮನೆ ಮುಟ್ಟಿಸುವ ಗಾಡಿಯ ಹೆಸರು ಬಿದ್ದಾಗ ಮಾತ್ರ ಅಚ್ಚಾಗುವುದು ನನಗೆ ಸಂಕಟದ ಸಂಗತಿ.

ಅಥಣಿ, ನಿಪ್ಪಾಣಿ ಕಡೆಯವರು ಸೀಟಿನ ಲೆಕ್ಕದಲ್ಲಿ ಓಡುವ ಖಾಸಗಿ ಗಾಡಿಗೆ ಮರಾಠಿಯಲ್ಲಿ ಹೇಳುವ ‘ವಡಾಪ್’ ಅನ್ನು ಕನ್ನಡದಲ್ಲಿ ಆಡುವಾಗಲೂ ಬಳಸುತ್ತೀರಾ? ವಿಜಯಪುರದವರು ಟಾಂಗಾಕ್ಕೂ ‘ಸೀಟಿನ ಮ್ಯಾಲೆ’ ಅನ್ನುತ್ತಿದ್ದಿರೇ? ಹಾಗಿದ್ದರೆ ಈ ಬಳಕೆ ಟಂಟಂಗಿಂತ ಹಳೆಯದು. ‘ಸೀಟಿನ ಗಾಡಿ’ ಎಂದು ಬರೆದರೆ ಮೈಸೂರು ಕಡೆಯ ಓದುಗರಿಗೆ ತಿಳಿಯುತ್ತದೆಯೇ, ಅದನ್ನೂ ಹೇಳಿ.