ಮಳೆ ಇಲ್ಲದಿದ್ದರೂ ಒದ್ದೆಯಾಗುವ ಗೋಡೆ, ಉದುರುವ ಬಿಳಿ ಉಪ್ಪು

ಪ್ರಶ್ನೆ (ಶಿಡ್ಲಘಟ್ಟ)
ತಾತನ ಕಾಲದ ಮನೆ. ಕಲ್ಲಿನ ತಳಪಾಯ, ಮೇಲೆ ಕೆಸರುಮಣ್ಣಿನಲ್ಲಿ ಕಟ್ಟಿದ ಒಂದೂವರೆ ಅಡಿ ದಪ್ಪದ ಇಟ್ಟಿಗೆ ಗೋಡೆ. ಹಿಂದಿನ ಕೋಣೆಯಲ್ಲಿ ಸೊಂಟದೆತ್ತರದವರೆಗೆ ಬಣ್ಣ ಉಬ್ಬಿ ಉದುರುತ್ತಿದೆ. ಕೆರೆದರೆ ಹತ್ತಿಯಂತಹ ಬಿಳಿ ಉಪ್ಪು. ಈಚೆಗಷ್ಟೇ ಸಿಮೆಂಟ್ ಪ್ಲಾಸ್ಟರ್, ಪುಟ್ಟಿ, ಎಮಲ್ಷನ್ ಎಲ್ಲ ಮಾಡಿಸಿದ್ದೆವು. ಮೋಡ ಕವಿದ ದಿನ ಮಳೆ ಬರದಿದ್ದರೂ ಒದ್ದೆ ಕಲೆ ಮೂಡುತ್ತದೆ, ಬಿಸಿಲೇರಿದರೆ ಮಾಯ. ಆ ಕಡೆ ನೀರಿನ ಪೈಪೇ ಇಲ್ಲ.

ಉತ್ತರ (ಗೌರಿಬಿದನೂರು)
ಒಳಗಿನಿಂದ ವಾಟರ್‌ಪ್ರೂಫ್ ಎರಡು ಕೋಟ್ ಬಳಿಸಿ, ಮುಗಿಯಿತು.

ಉತ್ತರ (ಕೋಲಾರ)
ದಯವಿಟ್ಟು ಬೇಡ. ಇಂಥ ಗೋಡೆಗಳಿಗೆ ನೆಲದ ತೇವ ತಡೆಯುವ ಪದರವೇ ಇರುವುದಿಲ್ಲ. ಏರಿದ ನೀರು ಆವಿಯಾಗಿ ಹೊರಹೋಗಬೇಕು. ಒಳಮೈ ಮುಚ್ಚಿದರೆ ತೇವ ಇನ್ನೂ ಮೇಲಕ್ಕೆ ಹತ್ತುತ್ತದೆ, ಉಪ್ಪು ಪದರದ ಹಿಂದೆ ಹರಳುಗಟ್ಟಿ ಅದನ್ನೇ ಕಿತ್ತುಹಾಕುತ್ತದೆ. ನಿಮ್ಮ ಸಿಮೆಂಟಿಗೂ ಆಗಿರುವುದು ಅದೇ.

ಒಂದು ಮಾತು ಹೇಳಿ: ಆ ಕೋಣೆ ಹಿಂದೆ ದನದ ಕೊಟ್ಟಿಗೆಯಾಗಿತ್ತೇ?

ಪ್ರಶ್ನೆ (ಶಿಡ್ಲಘಟ್ಟ)
ಹೌದು! ಹಸು ಮಾರಿದ ಮೇಲೆ ಗಾರೆ ನೆಲ ಹಾಕಿಸಿ ಕೋಣೆ ಮಾಡಿಕೊಂಡೆವು. ನಿಮಗೆ ಹೇಗೆ ತಿಳಿಯಿತು?

ಉತ್ತರ (ಕೋಲಾರ)
ಮೋಡದ ದಿನದ ಕಲೆಯಿಂದ. ಗಂಜಲ ಮಣ್ಣಿಗಿಳಿದು ನೈಟ್ರೇಟ್ ಲವಣವಾಗುತ್ತದೆ. ಕೆಲವು ನೈಟ್ರೇಟ್‌ಗಳು ಗಾಳಿಯ ತೇವವನ್ನೇ ಹೀರಿ ಒದ್ದೆಯಾಗುತ್ತವೆ. ಅದಕ್ಕೆ ಪೈಪ್ ಸೋರಬೇಕೆಂದಿಲ್ಲ. ಖಚಿತಪಡಿಸಿಕೊಳ್ಳಲು ಅಲಂಕಾರಿಕ ಮೀನಿನ ಅಂಗಡಿಯಲ್ಲಿ ನೈಟ್ರೇಟ್ ಪರೀಕ್ಷಾ ಪಟ್ಟಿ ಕೇಳಿ. ಕೆರೆದ ಪುಡಿಯನ್ನು ಬ್ಯಾಟರಿಗೆ ಹಾಕುವ ಶುದ್ಧ ನೀರಿನಲ್ಲಿ ಕದಡಿ ಪಟ್ಟಿ ಅದ್ದಿ. ಕೊಳವೆಬಾವಿ ನೀರು ಬೇಡ, ನಮ್ಮ ಕಡೆಯ ನೀರಿನಲ್ಲೇ ನೈಟ್ರೇಟ್ ಇರಬಹುದು.

ಹೊರಗಡೆಯೂ ನೋಡಿ. ರಸ್ತೆಗೆ ಕಾಂಕ್ರೀಟ್ ಹಾಕಿದಾಗಲೆಲ್ಲ ಮಟ್ಟ ಏರುತ್ತದೆ, ಮನೆ ಮಾತ್ರ ಇದ್ದಲ್ಲೇ ಇರುತ್ತದೆ. ಗೋಡೆ ಬುಡದ ಮಣ್ಣು ಒಳನೆಲಕ್ಕಿಂತ ಅರ್ಧ ಅಡಿಯಾದರೂ ತಗ್ಗಿರಲಿ. ಸೂರಿನ ನೀರು ದೂರ ಹರಿಯಲಿ. ಆಮೇಲೆ ಸಿಮೆಂಟ್ ಪ್ಲಾಸ್ಟರನ್ನು ಕಲೆಗಿಂತ ಒಂದೂವರೆ ಅಡಿ ಮೇಲಿನವರೆಗೆ ಕೀಳಿಸಿ. ಉದುರಿದ್ದನ್ನು ಅಂದೇ ಸಾಗಿಸಿ, ಬುಡದಲ್ಲಿ ಬಿಟ್ಟರೆ ಉಪ್ಪು ಮತ್ತೆ ಒಳಸೇರುತ್ತದೆ. ಒಣ ಬ್ರಷ್‌ನಿಂದ ಉಜ್ಜಿ, ತೊಳೆಯಬೇಡಿ.

ಪ್ರಶ್ನೆ (ಶಿಡ್ಲಘಟ್ಟ)
ದೀಪಾವಳಿಗೆ ಬಣ್ಣ ಬಳಿಯಬಹುದೇ?

ಉತ್ತರ (ಕೋಲಾರ)
ಯಾವ ವರ್ಷದ ದೀಪಾವಳಿ? ಒಂದು ಅಂಗುಲ ದಪ್ಪಕ್ಕೆ ಸುಮಾರು ಒಂದು ತಿಂಗಳು ಎಂಬುದು ಒಣಗುವ ಲೆಕ್ಕ. ನಿಮ್ಮದು 18 ಅಂಗುಲ. ಒಂದು ಬೇಸಿಗೆಯಾದರೂ ಬರಿಗೋಡೆ ಬಿಡಿ, ನಂತರ ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ತೊಳೆದ ಮರಳು ಸೇರಿಸಿ ಸುಣ್ಣದ ಗಾರೆ, ಅದರ ಮೇಲೆ ಸುಣ್ಣವೇ. ಮೇಸ್ತ್ರಿ ಗಟ್ಟಿಯಾಗಲೆಂದು ಸಿಮೆಂಟ್ ಬೆರೆಸುತ್ತೇನೆ ಎನ್ನುತ್ತಾರೆ, ಒಪ್ಪಬೇಡಿ. ಒಳಗಿರುವ ನೈಟ್ರೇಟ್ ಪೂರ್ತಿ ಹೋಗುವುದಿಲ್ಲ. ಮೊದಲ ಗಾರೆ ಅದನ್ನು ಹೀರಿ ಹಾಳಾಗಬಹುದು. ಆಗ ಅದನ್ನು ಕಿತ್ತು ಹೊಸದು ಹಾಕಿಸಬೇಕು, ಆ ಖರ್ಚನ್ನೂ ಈಗಲೇ ಲೆಕ್ಕಕ್ಕೆ ಹಿಡಿಯಿರಿ.

ಪ್ರಶ್ನೆ (ಶಿಡ್ಲಘಟ್ಟ)
ಅಲ್ಲಿಯವರೆಗೆ ಅಕ್ಕಿ ಮೂಟೆಗಳು?

ಉತ್ತರ (ಕೋಲಾರ)
ಬೇರೆ ಕೋಣೆಗೆ. ಬೀರುವನ್ನೂ ಗೋಡೆಯಿಂದ ಒಂದು ಗೇಣು ಈಚೆಗೆ ಎಳೆಯಿರಿ, ಗಾಳಿಯಾಡಲಿ.