ಅಪ್‌ಡೇಟ್: ಬೈಕಿನ ಹಿಂದಿನ ಸೀಟಿನ ಬ್ಯಾಗ್ ಈಗ ಜಾರುತ್ತಿಲ್ಲ

ಬೈಕಿನ ಮೇಲೆ ಬಂಜೀ ಹಗ್ಗದಲ್ಲಿ (ರಬ್ಬರಿನಂತೆ ಎಳೆದರೆ ಹಿಗ್ಗುವ ಹಗ್ಗ) ಕಟ್ಟಿದ ಬ್ಯಾಗ್ ಒಂದು ಕಡೆಗೆ ವಾಲುತ್ತದೆ, ಏನು ಮಾಡಲಿ ಎಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದ, ಸಮಸ್ಯೆ ಬಗೆಹರಿದಿದೆ.

ಕಾರಣ ಬಂಜೀಯೇ. ಅದು ಹಿಗ್ಗುತ್ತದೆ, ಪ್ರತಿ ಗುಂಡಿಗೂ ಬ್ಯಾಗ್ ತುಸು ಮೇಲೆದ್ದು, ಕೂರುವಾಗ ಜಾಗ ಬದಲಿಸುತ್ತದೆ. ಈಗ 25 ಮಿ.ಮೀ. ಅಗಲದ ಎರಡು ಕ್ಯಾಮ್ ಬಕಲ್ ಪಟ್ಟಿ (ತುದಿಯನ್ನು ಕೈಯಿಂದ ಎಳೆದು ಬಿಗಿದರೆ ಬಕಲ್ ಕಚ್ಚಿ ಹಿಡಿಯುವಂಥದ್ದು) ಹಾಕಿದ್ದೇನೆ. ಪಾಲಿಯೆಸ್ಟರ್‌ನದೇ ಒಳ್ಳೆಯದು, ನೈಲಾನ್ ನೆನೆದರೆ ಹಿಗ್ಗುತ್ತದೆ. ರ‍್ಯಾಚೆಟ್ (ಹಿಡಿಯನ್ನು ಹಿಂದೆ ಮುಂದೆ ಆಡಿಸಿ ಬಿಗಿಯುವ ಬಕಲ್) ಬೇಡವೇ ಬೇಡ: ಎಷ್ಟು ಬಿಗಿಯಾಯಿತೆಂದು ಕೈಗೆ ತಿಳಿಯುವುದಿಲ್ಲ, ರ‍್ಯಾಕ್ (ಸಾಮಾನು ಕಟ್ಟುವ ಕ್ಯಾರಿಯರ್) ಬಾಗಬಹುದು.

ಪಟ್ಟಿಗಳು ಬ್ಯಾಗಿನ ಮೇಲೆ ಕತ್ತರಿಯಾಕಾರದಲ್ಲಿ ಹಾಯ್ದು ಮುಂದೆ ಎರಡು, ಹಿಂದೆ ಎರಡು ಕಡೆ ಲೋಹದ ಭಾಗಕ್ಕೇ ಬಿಗಿಯಬೇಕು. ಬರೀ ಅಡ್ಡಡ್ಡ ಕಟ್ಟಿದರೆ ಬ್ರೇಕ್ ಹಿಡಿದಾಗ ಬ್ಯಾಗ್ ಬೆನ್ನಿಗೆ ಬರುತ್ತದೆ. ಇಂಡಿಕೇಟರ್, ಪ್ಲಾಸ್ಟಿಕ್ ಮಡ್‌ಗಾರ್ಡ್‌ಗೆ ಕಟ್ಟಬಾರದು. ಸೈಲೆನ್ಸರ್‌ಗೆ ತಾಗಿದರೆ ಪಟ್ಟಿ ಕರಗುತ್ತದೆ.

ಎಲ್ಲಕ್ಕಿಂತ ಮುಖ್ಯ, ಬಿಗಿದ ಮೇಲೆ ಉಳಿದ ಪಟ್ಟಿಯ ತುದಿ. ಸುರುಳಿ ಸುತ್ತಿ ವೆಲ್ಕ್ರೋದಿಂದ ಕಟ್ಟಿ. ಗಾಳಿಗೆ ಬಿಚ್ಚಿಕೊಂಡು ಚೈನಿಗೆ ಸಿಕ್ಕರೆ ಹಿಂದಿನ ಚಕ್ರ ಲಾಕ್ ಆಗಬಹುದು, ದಯವಿಟ್ಟು ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

ಹೊರಟು 20–30 ಕಿ.ಮೀ. ಆದ ಮೇಲೆ ನಿಲ್ಲಿಸಿ ಮತ್ತೊಮ್ಮೆ ಬಿಗಿಯಿರಿ. ಒಳಗಿನ ಬಟ್ಟೆ ಅಮರಿ ಪಟ್ಟಿ ಸಡಿಲವಾಗಿರುತ್ತದೆ.