ಸಹಾಯ ಬೇಕು: ಕೂದಲಲ್ಲಿ ಆರ್ಸೆನಿಕ್ ಪರೀಕ್ಷೆ ಎಲ್ಲಿ ಮಾಡ್ತಾರೆ?

ಎಲ್ಲರಿಗೂ ನಮಸ್ಕಾರ. ನಮ್ಮದು ಲಿಂಗಸುಗೂರು ತಾಲೂಕಿನ ಹಳ್ಳಿ, ಇಪ್ಪತ್ತು ವರ್ಷದಿಂದ ಬೋರ್‌ವೆಲ್ ನೀರೇ ಕುಡಿಯೋದು. ಈಗ ಅಪ್ಪನ ಅಂಗೈಯಲ್ಲಿ ಜೋಳದ ಕಾಳಿನಂಥ ಗಟ್ಟಿ ಗಂಟು ಎದ್ದಿವೆ, ಎದೆ ಮೇಲೆ ಮಳೆಹನಿ ಬಿದ್ದ ಹಾಗೆ ಕಪ್ಪು ಚುಕ್ಕೆ. ಹೊಲದ ಕೆಲಸದ ಜಡ್ಡು ಅಂತ ಸುಮ್ನೆ ಇದ್ದೆವು, ಆದರೆ ಸುರಪುರ ಕಡೆ ಕಿರದಳ್ಳಿ ತಾಂಡಾದಲ್ಲಿ ನೀರಿನ ಆರ್ಸೆನಿಕ್‌ನಿಂದ ಜನರ ಚರ್ಮಕ್ಕೆ ತೊಂದರೆ ಆಗಿತ್ತು ಅಲ್ವಾ, ಅದಕ್ಕೇ ಭಯ.

ಒಂದು ಲ್ಯಾಬ್‌ನವರು ರಕ್ತ ಸಾಕು ಅಂದರು. ರಕ್ತದಲ್ಲಿ ಅದು ಜಾಸ್ತಿ ದಿನ ನಿಲ್ಲಲ್ಲ. ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತೆ, ಹಿಂದಿನ ತಿಂಗಳುಗಳ ಲೆಕ್ಕ ಅದರಲ್ಲಿರುತ್ತೆ. ಆದರೆ ಅಪ್ಪ ತಲೆ ತೊಳೆಯೋದೂ ಅದೇ ನೀರಲ್ಲಿ, ಹೊರಗೆ ಅಂಟಿದ್ದನ್ನು ಬೇರೆ ಮಾಡೋದು ಹೇಗೆ? ಕೂದಲು, ಮೂತ್ರ, ನೀರು ಮೂರನ್ನೂ ನೋಡುವ ಲ್ಯಾಬ್ ಕಲಬುರಗಿ, ಬೆಂಗಳೂರು ಎಲ್ಲಿದ್ದರೂ ದಯವಿಟ್ಟು ತಿಳಿಸಿ.